ಔರಾದ ರಸ್ತೆಯಲ್ಲಿ ಕಾದ ಗಾಡಿ

ಬೀದರ
ಸೋಮವಾರ, ೧೬ ಫೆಬ್ರುವರಿ ೨೦೨೬

ಪ್ರೀತಿಯ ಮೊಮ್ಮಗಳು ಮಹಾಮಾಯಾಗೆ,

ನಿನ್ನ ಕೆಮ್ಮು ಹೋಯಿತೇ? ಬೆಳಿಗ್ಗೆ ತಣ್ಣೀರಿನಲ್ಲಿ ತಲೆ ತೊಳೆಯಬೇಡವೆಂದು ನಿಮ್ಮವ್ವ ಕರುಣಾ ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ನಿಮ್ಮಪ್ಪ ಕೈಲಾಶನಿಗೆ ಕೊಳಾರದ ಕಾರ್ಖಾನೆಯಲ್ಲಿ ಈಗ ಭಾನುವಾರವೂ ಪಾಳಿ. ನನ್ನ ಮೊಣಕಾಲು ಹಾಗೆಯೇ ಇದೆ, ಅದರ ಮಾತು ಬಿಡು. ನಿನ್ನೆ ನಿಮ್ಮ ವಸತಿ ಶಾಲೆಯಲ್ಲಿ ಭೇಟಿಯ ದಿನ. ಔರಾದಿನ ಆ ಗೇಟಿನ ಬಳಿ ಎಷ್ಟು ಹೊತ್ತು ನಿಂತಿದ್ದೆಯೋ ತಾಯಿ. ನಿನ್ನ ಕೈಯಲ್ಲಿ ಫೋನಿಲ್ಲ, ಆಫೀಸಿನ ಫೋನನ್ನು ಯಾರೂ ಎತ್ತಲಿಲ್ಲ. ನಾವು ಹೊರಟಿದ್ದೆವು. ನಾನೂ ನಿಮ್ಮ ಆಯಿಯೂ, ಮುದುಕ ಮುದುಕಿ ಇಬ್ಬರೇ, ಮನೆ ಬಿಟ್ಟು ಹೊರಟಿದ್ದೆವು. ಇದನ್ನು ನೀನು ನಂಬಬೇಕು.

ಕಾರಿನ ಇಂಜಿನ್ ಹೋದ ವಾರದಿಂದಲೇ ಹೆಚ್ಚು ಬಿಸಿಯಾಗುತ್ತಿತ್ತು. ಮೆಕ್ಯಾನಿಕ್ ಯಾಕೂಬ ಮುಚ್ಚಳ ತೆಗೆದು ತೋರಿಸಿದ. ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ಕುದಿಸಿಟ್ಟ ಚಹದ ಬಣ್ಣಕ್ಕೆ ಬಂದಿತ್ತು. ‘ಚಾಚಾ, ಇದು ಪೂರಾ ಖರಾಬ್ ಆಗ್ಯಾದ್ರಿ, ಹೊಸಾದು ತರ್ರಿ’ ಎಂದ. ಅಂಗಡಿಗೆ ಹೋದರೆ ಹಸಿರು, ಕೆಂಪು, ನೀಲಿ ಡಬ್ಬಿಗಳು. ಯಾವುದು ಬೇಕೆಂದು ಅಂಗಡಿಯವನು ನನ್ನನ್ನೇ ಕೇಳಿದ. ನಮ್ಮ ಗಾಡಿ ಬೇರೆಯವರ ಕೈಯಿಂದ ಬಂದದ್ದು, ಕಂಪನಿಯ ಪುಸ್ತಕ ಅದರ ಜೊತೆ ಬರಲೇ ಇಲ್ಲ. ಯಾಕೂಬನಿಗೆ ಫೋನ್ ಹಚ್ಚಿದೆ. ‘ಬಣ್ಣದ ಮ್ಯಾಗ ಹೋಗಬ್ಯಾಡ್ರಿ, ಒಂದೊಂದು ಕಂಪನಿದು ಒಂದೊಂದು ಬಣ್ಣ. ಡಬ್ಬಿ ಮ್ಯಾಗ ನಿಮ್ಮ ಗಾಡಿ ಹೆಸರು ಅದ ಏನು ನೋಡ್ರಿ’ ಎಂದ. ಕನ್ನಡಕ ಹಾಕಿಕೊಂಡು ಒಂದೊಂದೇ ಡಬ್ಬಿ ತಿರುಗಿಸಿ ನೋಡಿ, ನೀರು ಬೆರೆಸದೆ ಹಾಕುವಂಥದ್ದನ್ನು ಆರಿಸಿ ತಂದೆ. ಅವನು ಹಳೆಯದನ್ನೆಲ್ಲ ಬಸಿದ, ಒಳಗೆ ತುಕ್ಕು ಹೋಗುವ ಹಾಗೆ ತೊಳೆದ, ಹೊಸದನ್ನು ತುಂಬಿ ಇಂಜಿನ್ ನಡೆಸಿ ನೋಡಿದ. ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತು. ನನಗೆ ಸಮಾಧಾನವಾಯಿತು.

ಆಯಿ ಯಾಕೆ ಒಂದು ಸಾಲೂ ಬರೆಸುವುದಿಲ್ಲವೆಂದು ನೀನು ಕೇಳಿದ್ದೆ. ಪರೀಕ್ಷೆಯ ಹೊತ್ತಿಗೆ ನಿನಗೆ ತಿಳಿಸುವುದು ಬೇಡವೆಂದು ಸುಮ್ಮನಿದ್ದೆವು. ಅವಳಿಗೆ ಮರೆವಿನ ಬೇನೆ. ಥಂಡಿ ಶುರುವಾದ ಮೇಲೆ ನಿನ್ನ ಹೆಸರು ಅವಳ ಬಾಯಿಗೆ ಬಂದೇ ಇರಲಿಲ್ಲ. ನಿನ್ನೆ ಮಾತ್ರ ತಾನೇ ಎದ್ದು, ವಿಹಾರಕ್ಕೆ ಉಡುವ ಬಿಳಿ ಸೀರೆ ಉಟ್ಟು, ಅಡಿಗೆಮನೆಗೆ ಬಂದು, ‘ಮಹಾಮಾಯಾಗ ಶೇಂಗಾ ಹೋಳಿಗಿ ಮಾಡ್ರಿ, ಅಕಿ ಹಾದಿ ನೋಡ್ತಿರ್ತಾಳ’ ಎಂದಳು. ಕರುಣಾ ಲಟ್ಟಣಿಗೆ ಹಿಡಿದುಕೊಂಡೇ ಅತ್ತಳು. ಇಂಥ ನೆನಪಿನ ಹೊತ್ತು ಬಂದರೂ ನಿಲ್ಲುವುದಿಲ್ಲವೆಂದು ಡಾಕ್ಟರರು ಮೊದಲೇ ಹೇಳಿದ್ದರು. ಹೋಳಿಗೆ ಆರುವುದಕ್ಕೂ ಬಿಡದೆ ಕಟ್ಟಿಸಿಕೊಂಡು ಹೊರಟೆ.

ಗಾಡಿಯಲ್ಲಿ ಅವಳು ನಿನ್ನ ಮಾತೇ ಆಡುತ್ತಿದ್ದಳು. ಸಂತಪುರ ಇನ್ನೂ ಬಂದಿರಲಿಲ್ಲ, ಮುಳ್ಳು ಮೇಲೆ ಹೋಯಿತು, ಬಾನೆಟ್ಟಿನಿಂದ ಹಬೆ ಎದ್ದಿತು. ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಹೊಸ ಕೂಲಂಟ್ ರಸ್ತೆಯ ಮೇಲೆ ಸೋರುತ್ತಿತ್ತು. ಯಾಕೂಬನಿಗೆ ಫೋನ್ ಮಾಡಿದರೆ, ‘ಮುಚ್ಚಳ ಮುಟ್ಟಬ್ಯಾಡ್ರಿ ಚಾಚಾ, ಮುಖ ಸುಡ್ತದ. ನಾ ಬರ್ತೇನಿ’ ಎಂದ. ಆಯಿ ಕುಡಿಯುವ ನೀರಿನ ಬಾಟಲಿ ಹಿಡಿದು ಇಳಿದು ಬಂದಳು. ‘ಅದಕ ನೀರಡಿಕಿ ಆಗ್ಯಾದ, ಹಾಕ್ರಿ’ ಎಂದಳು. ಅವಳ ಕೈ ಹಿಡಿದು ನಿಲ್ಲುವುದೊಂದೇ ನನಗೆ ಉಳಿದಿದ್ದ ಕೆಲಸ. ಔರಾದ ಬಸ್ಸು ಬಂದಾಗ ಕೈ ಮಾಡಿದೆ. ಜನ ನೋಡಿ ಅವಳು ಹೆದರಿದಳು, ಗಾಡಿಯ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡಳು. ಕಂಡಕ್ಟರ್ ಸ್ವಲ್ಪ ಹೊತ್ತು ಕಾದ, ಆಮೇಲೆ ಸೀಟಿ ಊದಿದ. ಬಿಸಿಲೇರಿತು. ಅವಳ ಮಾತು ಕಡಿಮೆಯಾಗುತ್ತ ಬಂತು. ನಿನ್ನ ಹೆಸರು ಹೋಗಬಾರದೆಂದು ನಾನೇ ಮತ್ತೆ ಮತ್ತೆ ಹೇಳುತ್ತ ಹೋದೆ. ಕೊನೆಗೆ ಅವಳು, ‘ಸಾಯಗಾಂವ ಇನ್ನಾ ಎಷ್ಟು ದೂರ ಅದ? ನಮ್ಮವ್ವ ಬೈತಾಳ’ ಎಂದಳು. ಭಾಲ್ಕಿ ಕಡೆಯ ಅವಳ ಆ ತವರುಮನೆಯಲ್ಲಿ ಈಗ ಯಾರೂ ಇಲ್ಲ. ಬಿಸಿಲು ತಾಗದಂತೆ ಅವಳ ಸೆರಗನ್ನು ತಲೆಯ ಮೇಲೆ ಎಳೆದೆ.

ಯಾಕೂಬ ಬೈಕಿನಲ್ಲಿ ಬಂದು ಬಗ್ಗಿ ನೋಡಿದ. ರೇಡಿಯೇಟರ್ ತೂತಾಗಿತ್ತಂತೆ; ಹಳೆಯ ತುಕ್ಕೇ ಆ ತೂತನ್ನು ಮುಚ್ಚಿಕೊಂಡಿತ್ತಂತೆ. ‘ನಾ ಸಾಫ್ ಮಾಡಿದ್ದಕ್ಕೇ ತೆರಕೊಂಡದ್ರಿ ಚಾಚಾ. ಮಾಡದಿದ್ರೂ ಇಂಜಿನ್ ಉಳೀತಿರಲಿಲ್ಲ’ ಎಂದು ತಲೆ ತಗ್ಗಿಸಿ ನಿಂತ. ಯಾರನ್ನು ಬೈಯಲಿ? ಭೇಟಿಯ ಹೊತ್ತೂ ಮುಗಿದಿತ್ತು. ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿಕೊಂಡು, ಅವನು ಬೈಕಿನಲ್ಲಿ ಮುಂದೆ, ನಾವು ಹಿಂದೆ, ನಿಲ್ಲುತ್ತ ನಿಲ್ಲುತ್ತ ಬೀದರಕ್ಕೆ ಮರಳಿದೆವು.

ಮನಸ್ಸಿಗೆ ಹಚ್ಚಿಕೊಳ್ಳಬೇಡ, ಓದು ಬಿಡಬೇಡ. ನಿಮ್ಮವ್ವ ನಿನ್ನ ಸ್ವೆಟರ್ ಒಗೆದಿಟ್ಟಿದ್ದಾಳೆ. ನಿಮ್ಮ ವಾರ್ಡನ್ ಬಾಯಿಯವರಿಗೂ ನಿನ್ನ ಗೆಳತಿಯರಿಗೂ ನನ್ನ ಜೈಭೀಮ್ ಹೇಳು. ಬುದ್ಧನ ಕರುಣೆ ನಿನ್ನ ಮೇಲಿರಲಿ.

ನಿನ್ನ ಮುತ್ಯಾ,
ನರಸಿಂಗ

ತಾ.ಕ.: ಶನಿವಾರ ನಿನ್ನನ್ನು ಮನೆಗೆ ಕರೆತರಲು ನಿಮ್ಮಪ್ಪ ಬೈಕಿನಲ್ಲಿ ಬರುತ್ತಾನೆ, ರಜೆ ಕೇಳಿ ಇಟ್ಟುಕೋ, ಮುಂದಿನ ತಿಂಗಳ ಭೇಟಿಯ ದಿನದವರೆಗೆ ತಡೆಯಬೇಡ. ನಿನ್ನೆ ಮರಳುವಾಗ ಆಯಿ ಹಿಂದಿನ ಸೀಟಿನಿಂದ ನನ್ನ ಹೆಗಲು ಮುಟ್ಟಿ, ‘ಡ್ರೈವರಣ್ಣಾ, ನಮ್ಮ ಮನಿಯವರು ಎಲ್ಲಿ ಇಳಿದ್ರಪ್ಪಾ?’ ಎಂದು ಕೇಳಿದಳು. ‘ಮುಂದ ಸಿಗ್ತಾರ’ ಎಂದೆ. ನೀನು ಬಂದಾಗ ‘ನಾ ಯಾರು ಹೇಳು’ ಎಂದು ಮಾತ್ರ ಕೇಳಬೇಡ ಮಗಳೇ. ಹತ್ತಿರ ಕೂತು ನೀನೇ ನಿನ್ನ ಹೆಸರು ಹೇಳು, ಆಮೇಲೆ ನನ್ನ ಹೆಸರೂ ಹೇಳು.