ಹೌದು ಸ್ವಾಮಿ

ಹದಿನಾಲ್ಕು, ಮಂಗಳವಾರ.

ರಾತ್ರಿ ಊಟ ಬಿಟ್ಟು ಇದನ್ನು ಬರೆಯಲು ಕೂತೆ.

ಇವತ್ತು ಕೋರ್ಟಿನ ಕಟಕಟೆಯಲ್ಲಿದ್ದವನು ಸುಣ್ಣಬಣ್ಣ ಹೊಡೆಯುವವನು. ಸೈಕಲ್ ಕದ್ದ ಆರೋಪ. ‘ತಪ್ಪು ಒಪ್ಕೋತೀಯಾ?’ ಅಂತ ಜಡ್ಜ್ ಸಾಹೇಬರು ಕೇಳಿದ ಕೂಡಲೇ ಕೈಮುಗಿದು ‘ಹೌದು ಸ್ವಾಮಿ’ ಅಂದ. ನಾನು ಎಂದಿನಂತೆ ಟೈಪ್ ಮಾಡಿದೆ.

ಅವನಿಗೆ ಸರ್ಕಾರ ಕೊಟ್ಟ ಲಾಯರಮ್ಮ ಇನ್ನೂ ಚಿಕ್ಕ ಹುಡುಗಿ. ಅನುಮತಿ ಕೇಳಿ ಎದ್ದು ನಿಂತಳು. ‘ಅಣ್ಣ, ಈ ಕೋರ್ಟು ಕಟ್ಟಿಸಿದ್ದೂ ನೀವೇನಾ?’

ಅವಳಿಗೂ ಕೈಮುಗಿದು ‘ಹೌದು ಸ್ವಾಮಿ’ ಅಂದ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕವರು ಆಮೇಲೆ ಗಂಭೀರವಾಗಿ, ‘ಮೊದಲು ಬರೆದಿದ್ದನ್ನ ಅಳಿಸಿಬಿಡಮ್ಮ, ವಿಚಾರಣೆ ನಡೀಲಿ’ ಅಂದರು.

ಅಳಿಸಿದೆ. ಹನ್ನೊಂದು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು, ಲಾಯರಿಲ್ಲದವರ ಎಷ್ಟು ‘ಹೌದು ಸ್ವಾಮಿ’ ಟೈಪ್ ಮಾಡಿದೆನೋ. ಆಗೆಲ್ಲ ಈ ಹುಡುಗಿ ಶಾಲೆಯಲ್ಲಿದ್ದಳು. ನಾನು ಕೋರ್ಟಿನಲ್ಲೇ ಇದ್ದೆ.