ಹಳ್ಳದಾಚೆಯ ಮೂರು ಮನೆ

ಎಲ್ಲರ್‌ಡೀನ್ (ಇನ್ನು ಮೇಲೆ ವಿಕ್‌ಸ್ಟೋ ಅಂತ ಬರೆಯಬೇಕಂತೆ),
೯ ನವೆಂಬರ್ ೧೯೩೬

ಪ್ರೀತಿಯ ತಮ್ಮ ರೂಬೆನ್,

ನೀನೂ ಆಗ್ನೆಸಳೂ ಮಕ್ಕಳೂ ಕ್ಷೇಮವೆ? ಆಸ್ಟ್ರೇಲಿಯಾದ ಬಿಸಿಲಿಗೆ ನಿನ್ನ ಹಳೇ ಕೆಮ್ಮು ಬಿಟ್ಟಿತೆ? ನಾನು ಇದ್ದೇನೆ. ಅಪ್ಪ ಹೋದ ಸುದ್ದಿ ತಂತಿಯಲ್ಲಿ ತಲುಪಿರಬೇಕು. ತಂತಿಯಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಜಿಲ್ಲಾ ಕಚೇರಿಯವರು ನಮ್ಮ ಪ್ಯಾರಿಷನ್ನೇ, ಊರಿನ ಸ್ವಂತ ಆಡಳಿತವನ್ನೇ, ರದ್ದು ಮಾಡಿದರು. ಜನ ಸಾಲದಂತೆ. ಆರುನೂರು ವರ್ಷ ತನ್ನದೇ ಹೆಸರು, ತನ್ನದೇ ಗಡಿ ಇಟ್ಟುಕೊಂಡಿದ್ದ ಊರು ಒಂದು ಹಾಳೆಯಲ್ಲಿ ಮುಗಿಯಿತು. ಚರ್ಚೂ ಸ್ಮಶಾನವೂ ಹಾಲ್‌ಬರಿ ಪ್ಯಾರಿಷಿಗೆ ಹೋದವು. ಹಳ್ಳದಾಚೆಯ ನಮ್ಮ ಮೂರು ಮನೆ ವಿಕ್‌ಸ್ಟೋಗೆ. ಮೂವತ್ತೊಂದು ವರ್ಷ ಊರಸಭೆಯ ಅಧ್ಯಕ್ಷರಾಗಿದ್ದ ಅಪ್ಪ ಮಾತೇ ಕಡಿಮೆ ಮಾಡಿಬಿಟ್ಟರು. ಪ್ರತಿ ವಸಂತದಲ್ಲೂ ನಮ್ಮನ್ನು ಗಡಿ ಸುತ್ತಿಸಿ, ಒಂದೊಂದು ಗಡಿಕಲ್ಲಿಗೂ ನಿನ್ನ ತಲೆ ತಟ್ಟಿಸಿ, "ಇನ್ನು ಸಾಯೋವರೆಗೂ ಮರೆಯಲ್ಲ ಬಿಡು" ಎಂದು ನಗುತ್ತಿದ್ದವರು! ದಾಖಲೆ ಪೆಟ್ಟಿಗೆ ಒಯ್ಯಲು ಬಂದವರಿಗೆ ತಾವೇ ಬೀಗ ತೆಗೆದುಕೊಟ್ಟರು. ಆಮೇಲೆ ಒಂದು ದಿನವೂ ಹಳ್ಳದ ಸೇತುವೆ ದಾಟಲಿಲ್ಲ.

ಅವರು ತೀರಿಕೊಂಡ ಮರುದಿನ, ಸ್ಮಶಾನದಲ್ಲಿ ಅಮ್ಮನ ಸಮಾಧಿಯ ಪಕ್ಕದ ಜಾಗ ಕೇಳಲು ಹಾಲ್‌ಬರಿಯ ಸಭೆಗೆ ಹೋದೆ. ಅಲ್ಲಿನ ಅಧ್ಯಕ್ಷ ಪ್ಲಮ್‌ಟ್ರೀ ಸಭೆಯ ಕೆಲಸ ಕಲಿತದ್ದೇ ಅಪ್ಪನ ಹತ್ತಿರ. ನಕ್ಷೆ ಬಿಡಿಸಿ, "ಸ್ಮಶಾನ ನಮ್ಮ ಪ್ಯಾರಿಷಿನವರಿಗೆ ಮಾತ್ರ, ಹೆಸ್ಟರಮ್ಮ. ಏನ್ಮಾಡೋದು, ನಿಮ್ಮನೆ ಆಚೆಗೆ ಹೋಯ್ತಲ್ಲ" ಎಂದ. "ಮನೆ ಎಲ್ಲಿಗೂ ಹೋಗಿಲ್ಲ ಕಣಯ್ಯ, ಇದ್ದಲ್ಲೇ ಇದೆ. ಓಡಾಡಿದ್ದು ನಿನ್ನ ಗೆರೆ" ಎಂದೆ. ಹಿಂದೆ ಯಾರೋ ನಕ್ಕರು. ಅವನು ನಗಲಿಲ್ಲ, ಜಾಗವನ್ನೂ ಕೊಡಲಿಲ್ಲ.

ಮಂಗಳವಾರ ವಿಕ್‌ಸ್ಟೋ ಸ್ಮಶಾನದ ಒಂದು ಮೂಲೆಯಲ್ಲಿ, ಅಪ್ಪನಿಗೆ ಗುರುತೇ ಇಲ್ಲದವರ ನಡುವೆ ಮಣ್ಣು ಮಾಡಿದೆವು. ಅಮ್ಮ ಎರಡು ಮೈಲಿ ದೂರದಲ್ಲಿ ಒಬ್ಬಳೇ ಇದ್ದಾಳೆ.

ಆಗ್ನೆಸಳಿಗೆ ನೆನಪು ಹೇಳು. ಮಕ್ಕಳಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ,
ಹೆಸ್ಟರ್

ವಿ.ಸೂ.: ಅಂಚೆಗೆ ಹೊತ್ತಾಯಿತು, ಆದರೂ ಬರೆಯಲೇಬೇಕು. ಅಪ್ಪನ ಕೋಟಿನ ಒಳಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಜಿಲ್ಲಾ ಕಚೇರಿಗೆ ನೀನು ಬರೆದದ್ದರ ನಕಲು. ಊರಸಭೆಯ ಅಧ್ಯಕ್ಷರೆಂದು ಅಪ್ಪನಿಗೆ ಕಳಿಸಿದ್ದಾರೆ. ಚಿಕ್ಕಪ್ಪನಿಂದ ನಿನಗೆ ಬಂದ ಈ ಮೂರು ಮನೆ, ನಾವಿದ್ದದ್ದೂ ಸೇರಿ, ವಿಕ್‌ಸ್ಟೋಗೆ ಸೇರಿದರೆ ನಲ್ಲಿ ನೀರು ಬರುತ್ತದೆ, ಬೆಲೆ ಏರುತ್ತದೆ, ಹಾಗೇ ಸೇರಿಸಿ ಎಂದು ನೀನೇ ಕೇಳಿಕೊಂಡು ಸಹಿ ಹಾಕಿದ್ದೀಯ. ಮಾರ್ಚ್ ತಿಂಗಳಿಂದ ಅಪ್ಪನಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ. ನಿನ್ನ ಮಾತು ಬಂದಾಗಲೆಲ್ಲ "ಹುಡುಗ ಚೆನ್ನಾಗಿರಲಿ" ಅಂತಲೇ ಅಂದರು. ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನೀನೇ ಇಟ್ಟುಕೋ.