ಯಜಮಾನರು ಇನ್ನೂ ಕಾಫಿ ಕುಡಿಯುತ್ತಿದ್ದರು

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಕೇಳೋಣವೆಂದರೆ ಫೋನ್ ಎತ್ತುತ್ತಿಲ್ಲ. ಇಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದಾರೆ. ಈ ಪತ್ರವನ್ನು ಹದಿನೈದು ದಿನ ಮೊದಲೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಮೂರು ಸಲ ಕೂತೆ. ಮೂರು ಸಲವೂ "ಪ್ರೀತಿಯ ಅಕ್ಕ" ಎಂದು ಬರೆದ ಕೂಡಲೇ ಇಸ್ತ್ರಿಪೆಟ್ಟಿಗೆ ಆರಿಸಿಲ್ಲವೆಂದು ಎದ್ದು ಓಡಿದೆ. ಇಸ್ತ್ರಿ ಮಾಡಿಯೇ ಇರಲಿಲ್ಲ. ನಿನ್ನ ಹೆದರಿಕೆ, ಅಷ್ಟೇ.

ಅಂಚೆಯ ಕವರ್ ಎಲ್ಲಿ ಸಿಗುತ್ತದೆ ಎಂದು ಮಗಳನ್ನು ಕೇಳಿದೆ. "ಈ ಕಾಲದಲ್ಲಿ ಕವರಾ? ಮೆಸೇಜ್ ಹಾಕಮ್ಮ" ಎಂದಳು. "ನಿಮ್ಮ ದೊಡ್ಡಮ್ಮ ನನ್ನನ್ನ ಬ್ಲಾಕ್ ಮಾಡಿದಾಳೆ ಕಣೇ" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬ್ಲಾಕ್ ಮಾಡೋದು ಹೇಗೆ ಅಂತ ದೊಡ್ಡಮ್ಮ ನನ್ನನ್ನೇ ಕೇಳಿದ್ರು. ಯಾರನ್ನ ಅಂತ ಹೇಳಿರ್ಲಿಲ್ಲ" ಎಂದಳು. ಹೊಟ್ಟೆಯಲ್ಲಿ ಹುಟ್ಟಿದವಳೇ ಹೀಗಾದರೆ ಹೊರಗಿನ ಶತ್ರುಗಳು ಯಾಕೆ ಬೇಕು ಹೇಳು.

ಆವತ್ತು ನಡೆದದ್ದನ್ನು ನಾನೇ ಮೊದಲಿನಿಂದ ಒಪ್ಪಿಸಿಬಿಡುತ್ತೇನೆ. ಭಾವ ತೀರಿಹೋದ ಮರುತಿಂಗಳಿಂದ ಎರಡು ವರ್ಷ, ಸೋಮವಾರದಿಂದ ಶುಕ್ರವಾರ, ಸಂಜೆ ಏಳೂವರೆಗೆ ನಿನ್ನ ಮನೆಯಲ್ಲಿ ನೀನು, ನಮ್ಮ ಮನೆಯಲ್ಲಿ ನಾನು, ಮಧ್ಯೆ ಫೋನಿನ ಸ್ಪೀಕರು. ಧಾರಾವಾಹಿ ನಡೆಯುವಾಗ ಬಾಯಿ ಬಿಡಬಾರದು, ಜಾಹೀರಾತು ಬಂದಾಗ ಮಾತ್ರ ಮಾತು. ಇದು ನೀನು ಮಾಡಿದ ಕಾನೂನು. ಒಬ್ಬರನ್ನು ಬಿಟ್ಟು ಒಬ್ಬರು ಒಂದು ಕಂತನ್ನೂ ನೋಡಬಾರದು. ಇದೂ ನಿನ್ನದೇ. ನಿಮ್ಮ ಟಿವಿ ನಮ್ಮದಕ್ಕಿಂತ ನಾಲ್ಕು ಸೆಕೆಂಡು ಹಿಂದೆ, ಆದ್ದರಿಂದ ನಗು ಬಂದರೂ ನಾನು ನಾಲ್ಕು ಎಣಿಸಿ ನಗಬೇಕು ಎಂದವಳೂ ನೀನೇ. ಮೂವತ್ತು ವರ್ಷ ಗಣಿತದ ಟೀಚರಾಗಿದ್ದವಳು ಇನ್ನೇನು ಮಾಡುತ್ತಾಳೆ! ಧಾರಾವಾಹಿಯ ಕಿರಿಸೊಸೆ ಬೀರುವಿನಲ್ಲಿ ಬಚ್ಚಿಟ್ಟುಕೊಂಡು ಸೀನಿದ ದಿನ ನಗು ತಡೆದೂ ತಡೆದೂ ನನ್ನ ಕಣ್ಣಲ್ಲಿ ನೀರು ಬಂತು. ಆದರೂ ನಾಲ್ಕು ಎಣಿಸಿಯೇ ನಕ್ಕೆ.

ಆಮೇಲೆ ಆ ಹಾಳು ಬುಧವಾರ. ಬೆಳಿಗ್ಗೆಯೇ ನಿನಗೆ ಫೋನ್ ಮಾಡಿ, "ಅಕ್ಕ, ಯಾಕೋ ತಲೆನೋವು, ಇವತ್ತು ಬೇಡ" ಎಂದಿದ್ದೆ. "ತಲೆನೋವಾದ್ರೆ ಮಲಕ್ಕೊಂಡು ಕೇಳಿಸ್ಕೋ. ಕಣ್ಣು ಮುಚ್ಚಿದ್ರೂ ಕಥೆ ಅರ್ಥ ಆಗತ್ತೆ" ಎಂದು ನೀನು ಬಿಡಲಿಲ್ಲ. ಏಳೂವರೆ ಆಯಿತು. ಜಾಹೀರಾತು ಮುಗಿದು ಧಾರಾವಾಹಿಯ ಮನೆಯ ಯಜಮಾನರು ಕಾಫಿ ಕುಡಿಯುತ್ತ ಕೂತಿದ್ದರು. ಅವರ ಮುಖ ನೋಡಿದವಳೇ ನಾನು, "ಅಯ್ಯೋ, ಪಾಪ!" ಎಂದುಬಿಟ್ಟೆ.

"ಏನೇ ಪಾಪ? ಆರಾಮಾಗಿ ಕಾಫಿ ಕುಡೀತಿದಾನಲ್ಲ" ಎಂದೆ ನೀನು.

"ನಮ್ಮ ಟಿವಿ ಮುಂದಲ್ವಾ ಅಕ್ಕ, ನಾಲ್ಕು ಸೆಕೆಂಡು…" ಎಂದು ತೊದಲಿದೆ.

ಆ ಮನುಷ್ಯ ನನ್ನ ಮಾನ ಉಳಿಸಬಾರದಿತ್ತೇ? ಇಲ್ಲ. ನಿಧಾನವಾಗಿ ಕಾಫಿ ಮುಗಿಸಿದರು, ಬಾಯಿ ಒರೆಸಿಕೊಂಡರು, ದೊಡ್ಡ ಮಗನಿಗೆ ಬುದ್ಧಿ ಹೇಳಿದರು, ಕನ್ನಡಕ ಹುಡುಕಿದರು. ಆಮೇಲೆ ಮೆಟ್ಟಿಲು ಹತ್ತಿ, ಎದೆ ಹಿಡಿದುಕೊಂಡು ಕುಸಿದರು. ನೀನು ಗಡಿಯಾರ ನೋಡುತ್ತಿದ್ದೆ ಎಂದು ನನಗೇನು ಗೊತ್ತು!

"ಐವತ್ತಾರು ಸೆಕೆಂಡು" ಎಂದೆ ನೀನು. "ನಾಲ್ಕಲ್ಲ, ಐವತ್ತಾರು. ನೀನು ಮೊದ್ಲೇ ನೋಡಿದೀಯ. ಎಷ್ಟು ದಿನದಿಂದ ಈ ಕಳ್ಳಾಟ?"

ಸಂಜೆಯ ಕಂತು ಮೊಬೈಲಿನ ಆ್ಯಪಿನಲ್ಲಿ ಬೆಳಿಗ್ಗೆಯೇ ಬರುತ್ತದೆ ಎಂದು ನಾನು ಹೇಳಿದೆ. ಇವತ್ತೊಂದೇ ದಿನ ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಎರಡು ವರ್ಷದಿಂದ" ಎಂದು ಬಾಯಿಂದ ಬಿತ್ತು. "ಹಾಗಾದ್ರೆ ಕರೆಂಟ್ ಹೋಯ್ತು, ನೆಂಟರು ಬಂದ್ರು, ಇವತ್ತು ಬೇಡ ಅಕ್ಕ ಅಂತಿದ್ದೆಯಲ್ಲ, ಅದೆಲ್ಲ ಸುಳ್ಳು. ನೋಡಿದ್ದನ್ನೇ ನನ್ನ ಜೊತೆ ಮತ್ತೆ ನೋಡೋಕೆ ಬೇಜಾರು. ಪಾಪ ಒಬ್ಬಳೇ ಇದಾಳೆ ಅಂತ ಕರುಣೆ ತೋರಿಸ್ತಿದ್ದೆ. ನಿನ್ನ ಕರುಣೆ ನನಗೆ ಬೇಡ ಕಣೇ" ಎಂದೆ ನೀನು. ಫೋನ್ ಕಟ್ಟಾಯಿತು. ಆಮೇಲೆ ಇವತ್ತಿನವರೆಗೂ ನಿನ್ನ ದನಿ ಕೇಳಿಲ್ಲ.

ಅಕ್ಕ, ಬೇಜಾರಲ್ಲ, ಕರುಣೆಯೂ ಅಲ್ಲ. ಆತುರ. ಮುಂದೇನಾಯಿತು ಎಂದು ತಿಳಿಯದೆ ನನಗೆ ಇರಲಾಗುವುದಿಲ್ಲ. ನನ್ನನ್ನು ಗಡಿಬಿಡಿ ಎಂದು ಕರೆದವಳೇ ನೀನು. ಅಪರಾಧ ಒಪ್ಪಿಕೊಂಡಿದ್ದೇನೆ. ಶಿಕ್ಷೆಯನ್ನೂ ಅನುಭವಿಸುತ್ತಿದ್ದೇನೆ, ಕೇಳು.

ನೀನಿಲ್ಲದೆ ಧಾರಾವಾಹಿ ನೋಡಬಾರದೆಂದು ಟಿವಿ ಆರಿಸಿದೆ. ಏಳೂವರೆಯಿಂದ ಎಂಟರವರೆಗೆ ಏನು ಮಾಡಲಿ? ಗೋಡೆ ನೋಡಿದೆ. ಗೋಡೆಯ ಮುಂದೆ ಇವರು ಕೂತಿದ್ದರಿಂದ ಇವರನ್ನೂ ನೋಡಿದೆ. "ನನ್ನನ್ಯಾಕೆ ಹಾಗೆ ನೋಡ್ತೀಯ, ನಾನೇನು ಮಾಡಿದೆ?" ಎಂದು ಎದ್ದುಹೋದರು. ಮಗಳು, "ಅಮ್ಮಾ, ಒಂದು ಹವ್ಯಾಸ ಅಂತ ಇಟ್ಕೋ" ಎಂದಳು.

ಮೊದಲು ಉಲ್ಲನ್ ಟೋಪಿ ಹೆಣೆಯಲು ಹೊರಟೆ. ವಿಡಿಯೋದಲ್ಲಿ ಒಬ್ಬ ಹುಡುಗಿ "ತುಂಬಾನೇ ಸುಲಭ" ಎಂದು ಹಲ್ಲು ಕಿರಿದಳು. ನಾಲ್ಕು ದಿನವಾಗುವಷ್ಟರಲ್ಲಿ ನನ್ನ ಟೋಪಿಗೆ ಎರಡು ಕಡೆಯೂ ಬಾಯಿ. ತಲೆ ತೂರಿಸಿದರೆ ಆ ಕಡೆಯಿಂದ ಈಚೆ ಬರುತ್ತದೆ. ಇವರು ಅದನ್ನು ಮೊಣಕಾಲಿಗೆ ಏರಿಸಿಕೊಂಡು, "ಇದಕ್ಕೆ ಸರಿಹೋಯ್ತು. ಇನ್ನೊಂದು ಕಾಲಿಗೂ ಮಾಡ್ಕೊಡು" ಎಂದರು. ಮಾಡಿಕೊಟ್ಟಿಲ್ಲ.

ಆಮೇಲೆ ಮೌತ್ ಆರ್ಗನ್. ಒಂದು ಹಳೆಯ ಸಿನಿಮಾ ಹಾಡು ಕಲಿತು ನಿನಗೆ ಫೋನಿನಲ್ಲಿ ಊದಿ ಕೇಳಿಸಬೇಕೆಂಬ ಆಸೆ. ಎರಡನೇ ದಿನ ಊದುತ್ತಿದ್ದಾಗ ಇವರು ಸ್ನಾನದ ಮನೆಯಿಂದ ಸೋಪಿನ ಸಮೇತ ಓಡಿ ಬಂದರು. ಲಿಫ್ಟ್ ರಿಪೇರಿಯ ಕೆಲಸ ನೋಡು, ಇಪ್ಪತ್ತೈದು ವರ್ಷದ ಅಭ್ಯಾಸ. "ಯಾರೋ ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡು ಕೂಗ್ತಿದಾರೆ ಅಂದ್ಕೊಂಡೆ" ಎಂದರು. ಕೈಯಲ್ಲಿ ಆಗಲೇ ಸ್ಪ್ಯಾನರ್ ಇತ್ತು.

ಈಗ ನೃತ್ಯದ ವ್ಯಾಯಾಮಕ್ಕೆ ಹೋಗುತ್ತಿದ್ದೇನೆ. ಪಕ್ಕದ ಬೀದಿಯ ಸಭಾಂಗಣದಲ್ಲಿ ಇಪ್ಪತ್ತು ಜನ, ಎದುರಿಗೆ ಗೋಡೆಯಗಲ ಕನ್ನಡಿ. ಹಾಡು ಶುರುವಾದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಎಲ್ಲರೂ ಬಲಕ್ಕೆ ಹೋದರೆ ನಾನು ಎಡಕ್ಕೆ. ನಾನು ಗಿರ್ರನೆ ತಿರುಗಿ ನಿಂತಾಗ ಹತ್ತೊಂಬತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಹೇಳಿಕೊಡುವ ಹುಡುಗಿ ಒಳ್ಳೆಯವಳು. "ಆಂಟಿ, ನಿಮ್ಮ ಹುರುಪು ಸೂಪರ್. ದಿಕ್ಕು ಒಂದು ನೋಡ್ಕೊಳ್ಳಿ" ಎಂದಳು.

ನಮ್ಮ ಕನ್ನಡಕದ ಅಂಗಡಿಯ ಕಥೆಯೂ ಅಷ್ಟೇ. ಮೊನ್ನೆ ಒಬ್ಬ ವಯಸ್ಸಾದ ಲಾರಿ ಡ್ರೈವರ್ ಕಣ್ಣು ತೋರಿಸಲು ಬಂದ. ನಾನು ಅಕ್ಷರದ ಬೋರ್ಡಿಗೆ ದೀಪ ಹಾಕುವ ಮೊದಲೇ ಕೊನೆಯ ಸಾಲನ್ನು ಗಡಗಡ ಓದಿಬಿಟ್ಟ. ಲೈಸೆನ್ಸ್ ಕೈತಪ್ಪೀತೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ! ಬೈಯಲು ಬಾಯಿ ತೆರೆದವಳು ನನ್ನ ಯೋಗ್ಯತೆ ನೆನಪಾಗಿ ಮುಚ್ಚಿಕೊಂಡೆ. ಒಳ್ಳೆಯ ದಪ್ಪ ಕನ್ನಡಕ ಹಾಕಿ ಕಳಿಸಿದೆ.

ಅಕ್ಕ, ಒಂದು ಸಲ ಫೋನ್ ಎತ್ತು. ಬೈದಾದರೂ ಬೈ.

ನಿನ್ನ
ಗಡಿಬಿಡಿ


ಮಾರ್ಚ್ 19, ಬುಧವಾರ

ಪ್ರೀತಿಯ ಅಕ್ಕ, ಅಲ್ಲಲ್ಲ, ಮಾನ್ಯ ಟೀಚರಮ್ಮನವರೇ,

ನನ್ನ ಪತ್ರ ನನಗೇ ವಾಪಸ್ ಬಂತು. ಮೇಲ್ಗಡೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಮೂರು. ಕೆಳಗೆ, "ಉತ್ತರ ತಪ್ಪು. ಹಂತಗಳನ್ನು ತೋರಿಸಿಲ್ಲ." ನಾನು ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದೆ. ಮೂರು ಅಂಕ ಬಂದದ್ದಕ್ಕೆ ಇಷ್ಟು ಕುಣಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಇವರು ಕನ್ನಡಕ ಏರಿಸಿಕೊಂಡು ಓದಿ, "ನೃತ್ಯಕ್ಕೆ ಎರಡು, ಮೌತ್ ಆರ್ಗನ್‌ಗೆ ಒಂದು ಕೊಟ್ಟಿರ್ಬೇಕು" ಎಂದರು.

ಆದರೆ ಅಂಚಿನಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿ ಕುಣಿತ ನಿಂತಿತು. "ನೀನು ತಪ್ಪಿಸಿದ ಮರುದಿನವೆಲ್ಲ ಧಾರಾವಾಹಿಯಲ್ಲಿ ಯಾರಾದರೊಬ್ಬರ ತಲೆಗೆ ಬ್ಯಾಂಡೇಜು ಇರುತ್ತಿತ್ತು. ಅಂದರೆ ತಪ್ಪಿಸಿದ್ದೆಲ್ಲ ಮುಖ್ಯವಾದ ಕಂತುಗಳು. ಬೇಜಾರಾದವಳು ಅವನ್ನೇ ಆರಿಸಿ ಯಾಕೆ ತಪ್ಪಿಸುತ್ತಾಳೆ? ಆತುರದವಳಂತೂ ತಪ್ಪಿಸುವುದೇ ಇಲ್ಲ." ನಿನ್ನ ಕೈಯಲ್ಲಿ ಓದಿದ ಮಕ್ಕಳ ಗತಿ ನೆನೆದು ಕನಿಕರವಾಯಿತು.

ಉತ್ತರ ಬರೆಯುವ ಮೊದಲು ಒಂದು ಸುದ್ದಿ. ನಮ್ಮನೆಯವರು ಸಿಕ್ಕಿಬಿದ್ದರು. ನಿನ್ನೆ ಊಟ ಮಾಡುತ್ತ ಇದ್ದಕ್ಕಿದ್ದಂತೆ, "ಆ ಹಿರಿಸೊಸೆಗೆ ಮತ್ತೆ ಎಲ್ಲ ಮರೆತುಹೋಗಿದೆಯಂತೆ, ಇದು ಮೂರನೇ ಸಲ" ಎಂದರು. ನಾನು ತುತ್ತು ಕೈಯಲ್ಲೇ ಹಿಡಿದು, "ನಿಮಗೆ ಹೇಗೆ ಗೊತ್ತು?" ಎಂದೆ. ಎರಡು ವರ್ಷ "ಇದೇನು ಗೋಳು, ಹಾಕ್ಬೇಡ ಇದನ್ನ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ ಮಹಾಶಯರು, ಈಗ ನಾನು ಟಿವಿ ಹಾಕುವುದಿಲ್ಲವೆಂದು ಮಧ್ಯಾಹ್ನ ಲಿಫ್ಟಿನ ಮೆಷಿನ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ನೋಡುತ್ತಿದ್ದಾರೆ! ಮೇಲಿನ ಮಹಡಿಯವರು ಲಿಫ್ಟಿಗೆ ಕಾದು ಕಾದು ಮೆಟ್ಟಿಲಿಳಿದರಂತೆ. "ನಿಮ್ಮಕ್ಕನಿಗೆ ಹೇಳ್ಬೇಡ, ನನಗೂ ಅಂಕ ಕೊಟ್ಟಾರು" ಎಂದರು. ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಹಾಗೆಂದು ಅವಳು ಹೇಳುತ್ತಾಳೆ. ನೃತ್ಯದಲ್ಲಿ ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದಾರೆ. ಹಿಂದೆ ಗೋಡೆಯಿರುವುದರಿಂದ ಯಾರಿಗೂ ಅಪಾಯವಿಲ್ಲ.

ಉತ್ತರ ಎಲ್ಲಿ ಎಂದು ನೀನು ಪುಟ ತಿರುಗಿಸುತ್ತಿರಬಹುದು. ಬರೆಯುತ್ತೇನೆ ಅಕ್ಕ. ಇವರೂ, "ಸುತ್ತಿ ಬಳಸ್ಬೇಡ, ಇದ್ದದ್ದು ಇದ್ದ ಹಾಗೆ ಬರಿ" ಎಂದು ಬೆನ್ನ ಹಿಂದೆ ಎರಡು ಸಲ ಹೇಳಿ ಹೋದರು. ಬಾಯಲ್ಲಿ ಹೇಳಲು ಹೋದರೆ ನಾನು ಮತ್ತೇನೋ ತಮಾಷೆ ಮಾಡಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಒಬ್ಬಳೇ ಎಂದು ತಟ್ಟೆ ಹಿಡಿದುಕೊಂಡು ನಿಂತೇ ತಿನ್ನಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಅದಾಗದಿದ್ದರೆ ಬೈಗುಳವಾದರೂ ಇರಲಿ.

ಎಂದೆಂದಿಗೂ ನಿನ್ನ
ಗಡಿಬಿಡಿ

ಮತ್ತೆ, ಇದನ್ನು ಬರೆಯದೆ ಕವರ್ ಅಂಟಿಸಲು ಆಗುತ್ತಿಲ್ಲ. ನಾನು ತಪ್ಪಿಸಿದ ಅಷ್ಟೂ ಕಂತುಗಳಲ್ಲಿ ಆಸ್ಪತ್ರೆ ಇತ್ತು ಅಕ್ಕ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಬ್ಬಳೇ ನೋಡಿಬಿಡುತ್ತಿದ್ದೆ. ಮಂಚ, ಸಲೈನ್ ಬಾಟಲಿ, ಡಾಕ್ಟರು ಹೊರಗೆ ಬಂದು ತಲೆಯಾಡಿಸುವುದು, ಇಂಥದ್ದೇನಾದರೂ ಕಂಡರೆ ಆ ಸಂಜೆ ನಮ್ಮ ಮನೆಯಲ್ಲಿ ಕರೆಂಟ್ ಹೋಗುತ್ತಿತ್ತು. ಯಜಮಾನರು ಬಿದ್ದ ದಿನ ಮಾತ್ರ ನಿನ್ನನ್ನು ತಡೆಯಲಾಗಲಿಲ್ಲ. ಫೋನ್ ಕಟ್ಟಾದ ಮೇಲೆ ನೀನು ಟಿವಿ ಆರಿಸಿದೆಯೋ, ಮುಂದಿನದನ್ನು ಒಬ್ಬಳೇ ಕೂತು ನೋಡಿದೆಯೋ ಎಂದು ನಾನು ಒದ್ದಾಡಿದ್ದು ಅಷ್ಟಿಷ್ಟಲ್ಲ. ಇಷ್ಟೆಲ್ಲ ಯಾಕೆ ಮಾಡಿದೆನೆಂದರೆ, ಮಾಡಬೇಕಾದ ಹೊತ್ತಿನಲ್ಲಿ ನಾನು ಏನೂ ಮಾಡಲಿಲ್ಲ. ಭಾವ ಆಸ್ಪತ್ರೆಯಲ್ಲಿ ಹೋದಾಗ ಒಂದು ವಾರ ನಿಮ್ಮ ಮನೆಯಲ್ಲಿದ್ದೆ. ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನಿನ್ನ ಮುಖ ನೋಡಲು ನನಗೆ ಭಯವಿತ್ತು. ಮೂರನೇ ದಿನ ನೀನು ಬಾಗಿಲಿಗೆ ಬಂದು, "ಸ್ವಲ್ಪ ನನ್ನ ಹತ್ರ ಬಂದು ಕೂತ್ಕೊಳ್ಳೇ, ಅವರು ಕೊನೇಲಿ ಏನಂದ್ರು ಗೊತ್ತಾ" ಎಂದೆ. "ಬಂದೆ ಅಕ್ಕ, ಇದೊಂದು ಪಾತ್ರೆ" ಎಂದೆ ನಾನು. ನೀನು ಒಂದು ಗಳಿಗೆ ನಿಂತು ಒಳಗೆ ಹೋದೆ. ನಾನು ಬರಲಿಲ್ಲ. ಮತ್ತೆ ನೀನೂ ಆ ಮಾತು ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ಕೋಪವಿದ್ದರೆ ಇರಲಿ, ಬಾಗಿಲು ಮಾತ್ರ ತೆಗೆ. ಭಾವ ಏನೆಂದರು ಅಕ್ಕ?